ಮಂಡಾಳಿಯ ಬೆನ್ನು

ಲಿಂಗಸುಗೂರು
16 ಜೂನ್ 2024

ದುರುಗೇಶ ಮಾವನಿಗೆ ಜಯಶ್ರೀಯ ನಮಸ್ಕಾರಗಳು.

ಇಲ್ಲಿ ಫೋನ್ ಇಲ್ಲ ಮಾವ. ವಸತಿ ಶಾಲೆಗೆ ಸೇರಿದ ಮೊದಲ ದಿನವೇ ವಾರ್ಡನ್ ಮೇಡಂ, "ಮನಿಗೆ ಏನರ ಹೇಳೂದಿದ್ರ ಪತ್ರ ಬರೀರಿ, ಅಕ್ಷರನೂ ದುಂಡಗಾಗ್ತಾವ" ಎಂದು ಹೇಳಿಬಿಟ್ಟರು. ತಿಂಗಳ ಮೊದಲ ಭಾನುವಾರ ಮಾತ್ರ ಅವ್ವ ಮಸ್ಕಿಯಿಂದ ಬಂದು ನೋಡಿಕೊಂಡು ಹೋಗಬಹುದು. ಉಳಿದ ದಿನವೆಲ್ಲ ಎಂಟನೇ ತರಗತಿಯ ನಲವತ್ತು ಹುಡುಗಿಯರು, ಒಂದು ಬೇವಿನ ಮರ, ಬೆಳಿಗ್ಗೆ ಉಪ್ಪಿಟ್ಟು.

ಬಂದ ಮೇಲೆ ಎರಡು ಸಲ ಅತ್ತೆ. ಎರಡು ಸಲವೂ ಮಂಡಾಳಿಗಾಗಿಯೇ. ಹೊಸ ಬಾಡಿಗೆ ಮನೆಯವರು ಮೊಲ ಸಾಕಬಾರದು ಎಂದಾಗ ಅವ್ವ ಅದನ್ನು ಸಂತೆಯವನಿಗೇ ವಾಪಸ್ ಕೊಡುತ್ತೇನೆ ಅಂದಿದ್ದಳು. ನೀನು ಬಂದು, "ದನದ ದವಾಖಾನ್ಯಾಗ ಕೆಲಸ ಮಾಡಾಂವ ನಾ ಇರಾಕ, ಮೊಲ ಎಲ್ಲಿಗೆ ಹೋಗಬೇಕಬೇ?" ಎಂದು ಬುಟ್ಟಿ ಎತ್ತಿಕೊಂಡು ಸಿಂಧನೂರಿನ ಬಸ್ ಹತ್ತಿದೆ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಈಗ ಸ್ವಲ್ಪ ಮಾತು ಕೇಳು. ಗದ್ದೆಯ ಬದುವಿನ ಹುಲ್ಲು ಹಾಕಬೇಡ, ಅದಕ್ಕೆ ಹುಳ ಸಾಯುವ ಎಣ್ಣೆ ಹೊಡೆದಿರುತ್ತಾರೆ. ಕರಿಕೆ, ಕೊತ್ತಂಬರಿ ಹಾಕು. ಅದನ್ನು ಕಿವಿ ಹಿಡಿದು ಎತ್ತಬೇಡ. ಸಂತೆಯವನು ಹಾಗೇ ಎತ್ತಿ ತೋರಿಸಿದ್ದಕ್ಕೇ ನಾನು ಅತ್ತು ಅವ್ವನಿಂದ ಅದನ್ನು ಕೊಡಿಸಿಕೊಂಡಿದ್ದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ ಇಡಬೇಕು. ಹಿಂಗಾಲಿಗೆ ಆಸರೆ ಇಲ್ಲದಿದ್ದರೆ ಮೊಲ ಗಾಬರಿಯಾಗಿ ಒದೆಯುತ್ತದೆ, ಆ ಒದೆತಕ್ಕೆ ಅದರ ಬೆನ್ನೇ ಮುರಿಯಬಹುದು ಎಂದು ಇಲ್ಲಿನ ಗ್ರಂಥಾಲಯದ ಪುಸ್ತಕದಲ್ಲಿ ಬರೆದಿದೆ.

ಹೆಚ್ಚು ಬರೆದೆನೇನೋ. ನಗಬೇಡ.

ನಿನ್ನ ಸೊಸೆ,
ಜಯಶ್ರೀ


ಸಿಂಧನೂರು
24 ಜೂನ್ 2024

ಚಿ. ಜಯಾಳಿಗೆ ಮಾವನ ಆಶೀರ್ವಾದ.

ನಗಬೇಡ ಅಂದರೆ ಹೇಗವ್ವ? ನಿನ್ನ ಪತ್ರವನ್ನು ಕ್ಲಿನಿಕ್ಕಿನಲ್ಲಿ ನಾಲ್ಕು ಮಂದಿಯ ಎದುರು ಜೋರಾಗಿ ಓದಿದೆ. ಹತ್ತೊಂಬತ್ತು ವರ್ಷ ಹಾಯುವ ಹೋರಿಗಳ ಮೂಗುದಾರ ಹಿಡಿದವನಿಗೆ ಅಂಗೈಯಷ್ಟು ಮೊಲ ಹಿಡಿಯುವುದನ್ನು ಕಲಿಸಲು ಹೊರಟಿದ್ದೀಯಲ್ಲ! ಸಾಲಗುಂದದ ವೆಂಕೋಬ ಕುರಿ ತಂದು ಕೂತಿದ್ದ. "ದುರುಗೇಶಪ್ಪ, ನಿನ್ನ ಸೊಸಿ ನಿನಗ ಟ್ರೇನಿಂಗ್ ಕೊಡಾಕತ್ತಾಳ ನೋಡೋ" ಎಂದು ಹೊಟ್ಟೆ ಹಿಡಿದು ನಕ್ಕ.

ನಿನ್ನ ಮಂಡಾಳಿ ಆರಾಮಾಗಿದೆ. ನಿಮ್ಮತ್ತೆ ಅದಕ್ಕೆ ಗಜ್ಜರಿ ಹಾಕಿ ಹಾಕಿ ಮೈ ಬರಿಸಿದ್ದಾಳೆ. ನಾನು ಮನೆಗೆ ಬಂದರೆ ಚಪ್ಪಲಿಯ ಮೇಲೆ ಬಂದು ಕೂರುತ್ತದೆ. ನನಗೇನು ಮೊಲದ ಹುಚ್ಚಿಲ್ಲ, ಆದರೂ ಅದು ಕೂತಾಗ ಕಾಲು ಎಳೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಇಲ್ಲಿಯ ಸುದ್ದಿ ಅಂದರೆ, ನಮ್ಮ ಪಕೀರಪ್ಪ ಡಾಕ್ಟರಿಗೆ ಮೊಣಕಾಲುಗಳು ಸೋತಿವೆ. ಕ್ಲಿನಿಕ್ಕು ಅವರದೇ, ಆದರೆ ಈಗ ಮಹಡಿಯ ಮನೆ ಬಿಟ್ಟು ಇಳಿಯುವುದಿಲ್ಲ. ಅವರ ಜಾಗಕ್ಕೆ ವಸೀಮಾ ಎಂಬ ಹೊಸ ಡಾಕ್ಟರನ್ನು ತಂದು ಕೂರಿಸಿದ್ದಾರೆ. ಓದು ಮುಗಿಸಿ ಎರಡು ವರ್ಷವಾಗಿರಬೇಕು. ಮೊದಲ ದಿನವೇ ನನ್ನನ್ನು ಕರೆದು, "ದುರುಗೇಶಣ್ಣ, ನಾ ಇಲ್ದಾಗ ನೀವು ಸೂಜಿ ಮುಟ್ಟಬ್ಯಾಡ್ರಿ, ತಪ್ಪು ತಿಳ್ಕೋಬ್ಯಾಡ್ರಿ" ಅಂದರು. ತಪ್ಪು ತಿಳಿದುಕೊಳ್ಳದೆ ಮತ್ತೇನು ತಿಳಿದುಕೊಳ್ಳಲಿ? ನನ್ನ ಗಾಡಿಯ ಸಪ್ಪಳ ಕೇಳಿದರೆ ಸಾಲಗುಂದದಲ್ಲಿ "ಡಾಕ್ಟ್ರು ಬಂದ್ರು" ಎಂದು ಕುರಿ ಹಿಡಿದು ನಿಲ್ಲುತ್ತಾರೆ. ಈಗ ನನಗೆ ಉಳಿದಿರುವುದು ನೆಲ ಒರೆಸುವುದು, ಯಾವ ಜೀವಕ್ಕೆ ಏನು ಕೊಟ್ಟರೆಂದು ರಿಜಿಸ್ಟರಿನಲ್ಲಿ ಬರೆಯುವುದು. ಇರಲಿ. ಆಕೆ ಎಷ್ಟು ದಿನ ಇರುತ್ತಾಳೋ ನೋಡೋಣ.

ಚೆನ್ನಾಗಿ ಉಣ್ಣು. ಉಪ್ಪಿಟ್ಟಿಗೆ ಹೆಸರಿಡಬೇಡ.

ನಿನ್ನ ಮಾವ,
ದುರುಗೇಶ


ಲಿಂಗಸುಗೂರು
14 ಜುಲೈ 2024

ಮಾವನಿಗೆ ನಮಸ್ಕಾರ.

ಹೋದ ಭಾನುವಾರ ಅವ್ವ ಬಂದಿದ್ದಳು. ನಿಮ್ಮ ಮನೆಗೆ ಹೋದಾಗ ಮಂಡಾಳಿ ತಲೆ ಒದರುತ್ತಿತ್ತಂತೆ, ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿತ್ತಂತೆ. ಕಿವಿಯೊಳಗೆ ಹಕ್ಕಳೆ ಕಟ್ಟಿದೆ ಅಂದಳು. ಅದು ಕಜ್ಜಿ ಮಾವ. ಬಿಟ್ಟರೆ ಒಳಗೆ ಇಳಿಯುತ್ತದೆ.

ಸಿಟ್ಟಾಗಬೇಡ, ಒಂದು ಮಾತು. ಅದನ್ನು ವಸೀಮಾ ಮೇಡಂಗೆ ತೋರಿಸು. ನೀನೇ ಔಷಧ ಕೊಡಬೇಡ. ದನ, ಕುರಿಗಳ ವಿಷಯ ನಿನ್ನಷ್ಟು ಯಾರಿಗೂ ಗೊತ್ತಿಲ್ಲ, ಒಪ್ಪುತ್ತೇನೆ. ಆದರೆ ಮೊಲ ಬೇರೆ. ಅವರು ಈಚೆಗೆ ಓದಿದವರು, ಪುಸ್ತಕದಲ್ಲಿ ಮೊಲದ ಪಾಠವೂ ಇದ್ದೇ ಇರುತ್ತದೆ.

ತೋರಿಸಿದ ದಿನವೇ ಪತ್ರ ಬರೆ.

ಜಯಶ್ರೀ


ಲಿಂಗಸುಗೂರು
4 ಆಗಸ್ಟ್ 2024

ಮಾವ,

ಮೂರು ವಾರವಾಯಿತು, ನಿನ್ನ ಪತ್ರವಿಲ್ಲ.

ಇವತ್ತು ಅವ್ವ ಬಂದಿದ್ದಳು. ಮಂಡಾಳಿ ಹೇಗಿದೆ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಡಬ್ಬಿಯ ಮುಚ್ಚಳ ತೆಗೆದು, "ಮದ್ಲು ಹೋಳಿಗಿ ತಿನ್ನವ್ವ" ಅಂದಳು. ನಮ್ಮ ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಬಾಯಿಗೆ ತುರುಕುತ್ತಾಳೆ. ನನಗೆ ಹೋಳಿಗೆ ಸೇರಲಿಲ್ಲ.

ಏನಾಗಿದೆ ಹೇಳಿಬಿಡು. ಗೊತ್ತಿಲ್ಲದೆ ಕೂರುವುದಕ್ಕಿಂತ ಕೆಟ್ಟದ್ದಾದರೂ ಗೊತ್ತಿರಲಿ.

ಜಯಶ್ರೀ


ಸಿಂಧನೂರು
8 ಆಗಸ್ಟ್ 2024

ಚಿ. ಜಯಶ್ರೀಗೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ದಿನಾಂಕ 20-7-2024, ಶನಿವಾರ, ಕಿವಿಯ ಕಜ್ಜಿಯ ಸಲುವಾಗಿ ಮೊಲವನ್ನು ಕ್ಲಿನಿಕ್ಕಿಗೆ ತೆಗೆದುಕೊಂಡು ಹೋಗಲಾಯಿತು. ನೀನು ಹೇಳಿದಂತೆಯೇ ಮೇಡಂ ನೋಡಿದರು. ಮೇಡಂ ಇಂಜೆಕ್ಷನ್ ಕೊಟ್ಟರು. ಆಮೇಲಿಂದ ಹಿಂದಿನ ಎರಡು ಕಾಲು ಎತ್ತುತ್ತಿಲ್ಲ. ಮುಂದಿನ ಕಾಲಿನ ಮೇಲೆ ಎಳೆದುಕೊಂಡು ಹೋಗುತ್ತದೆ. ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ.

ಇದರಲ್ಲಿ ಯಾರನ್ನೂ ಅಂದು ಉಪಯೋಗವಿಲ್ಲ. ಸಣ್ಣ ಜೀವ, ತಡೆಯಲಿಲ್ಲ. ನೀನು ಓದಿನ ಕಡೆ ಗಮನ ಕೊಡು.

ದುರುಗೇಶ


ಲಿಂಗಸುಗೂರು
11 ಆಗಸ್ಟ್ 2024

ಮಾವ,

ಯಾರನ್ನೂ ಅನ್ನಬೇಡ ಎಂದರೆ ಏನರ್ಥ? ಇಂಜೆಕ್ಷನ್ ಕೊಟ್ಟರೆ ಎರಡು ಕಾಲೂ ಹೋಗುತ್ತವೆಯೇ? ಮೇಡಂ ಅದನ್ನು ಹೇಗೆ ಹಿಡಿದಿದ್ದರು? ಹಿಂಗಾಲಿನ ಕೆಳಗೆ ಕೈ ಇಟ್ಟಿದ್ದರೇ? ಅದು ಒದೆಯಿತೇ? ನೀನು ಪಕ್ಕದಲ್ಲೇ ಇದ್ದೆಯಲ್ಲ, "ಹಂಗ ಹಿಡಿಬ್ಯಾಡ್ರಿ ಮೇಡಂ" ಎಂದು ಒಂದು ಮಾತು ಹೇಳಲು ಏನಾಗಿತ್ತು? ನಾನು ಬರೆದದ್ದನ್ನು ನಾಲ್ಕು ಮಂದಿಯ ಎದುರು ಓದಿದ್ದೆಯಲ್ಲ!

ತಪ್ಪು ನನ್ನದೇ. ಮೇಡಂಗೆ ತೋರಿಸು ಎಂದು ಬರೆದವಳು ನಾನೇ. ನಿನ್ನ ಕೈಗೇ ಬಿಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ. ಇದನ್ನೇ ಎಣಿಸಿಕೊಂಡು ಪಾಠ ತಲೆಗೆ ಹತ್ತುತ್ತಿಲ್ಲ.

ಅದಕ್ಕೆ ನೋವಿದೆಯೇ? ಮೊಲ ಕೂಗುವುದಿಲ್ಲ ಮಾವ, ನೋವಾದರೆ ಹಲ್ಲು ಕಡಿಯುತ್ತದೆ. ಕಿವಿಗೊಟ್ಟು ಕೇಳಿ ನೋಡು.

ಜಯಶ್ರೀ


ಸಿಂಧನೂರು
17 ಆಗಸ್ಟ್ 2024

ಜಯಾ ತಾಯಿ,

ತಪ್ಪು ನಿನ್ನದು ಅನ್ನಬೇಡ. ಆ ಒಂದು ಮಾತು ಬರೆಯಬೇಡ, ಕೈ ಮುಗಿಯುತ್ತೇನೆ.

ಮಂಡಾಳಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಅದಕ್ಕೆ ಉಚ್ಚೆಯ ಹಿಡಿತವೇ ಇಲ್ಲ. ಹೊಟ್ಟೆಯ ಕೆಳಗಿನ ಕೂದಲು ಉದುರಿ ಚರ್ಮ ಕೆಂಪಾಗಿದೆ. ದಿನಕ್ಕೆ ನಾಲ್ಕು ಸಲ ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಈ ಹಾಳು ನೊಣಗಳ ಕಾಟಕ್ಕೆ ಸೊಳ್ಳೆ ಪರದೆ ಹೊದಿಸಿದ್ದೇನೆ. ಆದರೂ ಮೊನ್ನೆ ಬಾಲದ ಬುಡದಲ್ಲಿ ಹುಳ ಬಿದ್ದಿದ್ದವು. ಚಿಮಟದಿಂದ ಒಂದೊಂದೇ ತೆಗೆದೆ. ಎಷ್ಟೋ ಎಮ್ಮೆಗಳ ಗಾಯದಿಂದ ಮುಷ್ಟಿಗಟ್ಟಲೆ ಹುಳ ತೆಗೆದ ಕೈ ಇದು, ಅವತ್ತು ಅರ್ಧ ತಾಸು ಹಿಡಿಯಿತು.

ನಿಮ್ಮತ್ತೆ, "ಅದಕ್ಕ ಒಂದ್ ಮುಕ್ತಿ ಕೊಡ್ರಿ, ನನಗ ನೋಡಾಕ ಆಗವಲ್ದು" ಎನ್ನುತ್ತಾಳೆ. ಆ ಮೇಡಂಗೂ ಹೇಗೋ ಗೊತ್ತಾಗಿ, "ತೊಗೊಂಡ್ ಬರ್ರಿ, ನಾ ನೋಡ್ತೀನಿ. ಬೆನ್ನು ಹೋಗಿದ್ರ ನೋವಿನ್ಯಾಗ ಇಡಬ್ಯಾಡ್ರಿ, ನಿದ್ದಿ ಇಂಜೆಕ್ಷನ್ ಕೊಡೂಣು" ಎಂದರು. ಕೊಲ್ಲುವುದಕ್ಕೆ ಎಷ್ಟು ಅವಸರ ನೋಡು! ನಾನು ಒಯ್ಯಲಿಲ್ಲ. ಒಯ್ಯುವುದೂ ಇಲ್ಲ.

ನೀನು ಇದನ್ನು ಯಾರ ಮುಂದೆಯೂ ಆಡಬೇಡ. ಯಾರಿಗೂ ಬರೆಯಬೇಡ. ಮಾವ ಹೇಳುತ್ತಿದ್ದೇನೆ, ಕೇಳು.

ದುರುಗೇಶ


ಲಿಂಗಸುಗೂರು
20 ಆಗಸ್ಟ್ 2024

ಮಾವ,

ನೀನು ಯಾಕೆ ಬಾಯಿ ಕಟ್ಟಿಕೊಂಡಿದ್ದೀಯ ಎಂದು ನನಗೆ ಗೊತ್ತಾಯಿತು. ಆಕೆ ಡಾಕ್ಟರು, ನೀನು ಕೈಕೆಳಗಿನವನು. ಹೇಳಿದರೆ ಕೆಲಸ ಹೋಗುತ್ತದೆ. ನಿನಗೆ ಹೇಳಲಾಗದ್ದನ್ನು ನಾನು ಹೇಳಿದ್ದೇನೆ.

ನಿನ್ನ ಕಡೆಯ ಎರಡೂ ಪತ್ರಗಳನ್ನು ನಮ್ಮ ವಿಜ್ಞಾನದ ಕನಕರಾಯ ಸರ್‌ಗೆ ತೋರಿಸಿದೆ. ಅವರಿಗೆ ಕಣ್ಣಲ್ಲಿ ನೀರು ಬಂತು. "ಇದನ್ನ ಸುಮ್ಮನ ಬಿಡಬಾರದು ಜಯಶ್ರೀ" ಎಂದರು. ನಾನು ದೂರು ಬರೆದೆ, ಅವರು ತಿದ್ದಿದರು. "ಬೇಜವಾಬ್ದಾರಿಯಿಂದ ಇಂಜೆಕ್ಷನ್ ನೀಡಿ ಮೂಕಪ್ರಾಣಿಯ ಬೆನ್ನು ಮುರಿದ ಡಾ. ವಸೀಮಾ ಅವರ ಮೇಲೆ ಕ್ರಮ ಕೈಗೊಳ್ಳಬೇಕು" ಎಂಬ ಸಾಲು ಸರ್ ಅವರದು. ಮೊದಲ ಸಹಿ ನನ್ನದು, ಅದರ ಕೆಳಗೆ ತರಗತಿಯ ಮೂವತ್ತೊಂಬತ್ತು ಹುಡುಗಿಯರದು. ನಿನ್ನ ಹೆಸರು ಎಲ್ಲಿಯೂ ಬರದ ಹಾಗೆ ನೋಡಿಕೊಂಡಿದ್ದೇನೆ, ಹೆದರಬೇಡ. ಪತ್ರ ಪಕೀರಪ್ಪ ಡಾಕ್ಟರಿಗೆ ಹೋಗಿದೆ. ಸರ್ ಅದರ ಫೋಟೊ ತೆಗೆದು ಸಿಂಧನೂರಿನ ವಾಟ್ಸಾಪ್ ಗ್ರೂಪುಗಳಿಗೂ ಹಾಕಿದ್ದಾರೆ.

ಇವತ್ತು ಎರಡು ರೊಟ್ಟಿ ತಿಂದೆ. ಬಹಳ ದಿನದ ಮೇಲೆ ಹಸಿವಾಯಿತು.

ಜಯಶ್ರೀ


ಸಿಂಧನೂರು
29 ಆಗಸ್ಟ್ 2024

ಜಯಾ,

ಏನು ಮಾಡಿಬಿಟ್ಟೆಯವ್ವ! ಬರೆಯಬೇಡ ಅಂದಿದ್ದೆನಲ್ಲ.

ನಿನ್ನ ಪತ್ರದ ಫೋಟೊ ಇಲ್ಲಿ ಚಹದಂಗಡಿಯವನ ಫೋನಿನಲ್ಲೂ ಇದೆ. "ಮೊಲ ಕೊಂದ ಡಾಕ್ಟರ್" ಎಂದು ಅದರ ಕೆಳಗೆ ಯಾರೋ ಬರೆದಿದ್ದಾರೆ. ಆಕೆಯ ಹೆಸರು ನೋಡಿ ಇನ್ನೂ ಕೆಲವರು ಏನೇನೋ ಬರೆದರು, ಅದನ್ನು ನಿನ್ನಂಥ ಹುಡುಗಿಗೆ ನಾನು ಬರೆಯಲಾರೆ. ನಾಲ್ಕು ದಿನದಿಂದ ಕ್ಲಿನಿಕ್ಕಿಗೆ ಒಂದು ಕರುವೂ ಬಂದಿಲ್ಲ.

ಪಕೀರಪ್ಪ ಡಾಕ್ಟರು ಮೆಟ್ಟಿಲು ಇಳಿದು ಬಂದು ರಿಜಿಸ್ಟರ್ ತೆಗೆಸಿದರು. ಇಪ್ಪತ್ತನೇ ತಾರೀಖಿನ ಸಾಲಿನಲ್ಲಿ ಮೊಲ, ಕಜ್ಜಿ, ಇಂಜೆಕ್ಷನ್ ಎಂದಿತ್ತು. ಡಾಕ್ಟರ ಕಾಲಮ್ಮಿನಲ್ಲಿ ವಸೀಮಾ ಎಂದಿತ್ತು. ಮೇಡಂ, "ಅವತ್ತು ನಾ ಇರಲೇ ಇಲ್ಲ ಸರ್" ಎಂದರು. ಡಾಕ್ಟರು ನನ್ನ ಕಡೆ ನೋಡಿದರು.

ಆದದ್ದು ಆಯಿತು. ಇನ್ನೊಂದು ಪತ್ರ ಬರೆದು, ತಿಳಿಯದೆ ಬರೆದೆವು, ದೂರು ವಾಪಸ್ ಪಡೆಯುತ್ತೇವೆ ಎಂದುಬಿಡು. ಅಷ್ಟಕ್ಕೆ ಮುಗಿಯಲಿ.

ದುರುಗೇಶ


ಲಿಂಗಸುಗೂರು
3 ಸೆಪ್ಟೆಂಬರ್ 2024

ಮಾವ,

ನಿನ್ನ ಪತ್ರದಲ್ಲಿ ಮಂಡಾಳಿಯ ಬಗ್ಗೆ ಒಂದು ಅಕ್ಷರವೂ ಇಲ್ಲ. ಮೊದಲು ಅದನ್ನು ಬರೆ.

ಮೊನ್ನೆ ಭೇಟಿಯ ಭಾನುವಾರ ಗೇಟಿನ ದಾವಲ್‌ಸಾಬ್ ಬಂದು, "ಯಾರೋ ಡಾಕ್ಟರಮ್ಮ ಬಂದಾರ, ನಿನ್ನ ಕೇಳಾಕತ್ತಾರ" ಎಂದ. ಹೋಗಿ ನೋಡಿದರೆ ವಸೀಮಾ ಮೇಡಂ. ನಾನು ದಪ್ಪ ದನಿಯ ದೊಡ್ಡ ಹೆಂಗಸು ಎಂದುಕೊಂಡಿದ್ದೆ. ಅಕ್ಕ ಎನ್ನಬಹುದಾದ ವಯಸ್ಸಿನವರು. ಬಿಸಿಲಲ್ಲಿ ಸ್ಕೂಟಿ ಹೊಡೆದುಕೊಂಡು ಬಂದು ಮುಖ ಬಾಡಿತ್ತು.

ಅವರು ಅಂದದ್ದು ಇಷ್ಟು: "ನಾ ಅವತ್ತು ಮುಂಜಾನೆ ಆರಕ್ಕ ಜವಳಗೇರಾಕ್ಕ ಹೋಗಿದ್ದೆ. ಎಮ್ಮಿಗೆ ಕರು ಅಡ್ಡ ಸಿಕ್ಕಿತ್ತು. ವಾಪಸ್ ಬಂದಾಗ ಸಂಜಿ ಆಗಿತ್ತು. ನೀ ನಂಬಬೇಕು ಅಂತ ನಾ ಬಂದಿಲ್ಲವಾ. ಆ ಮೊಲ ಇನ್ನೂ ಐತೇನು, ಅದನ್ನ ಹೇಳು. ನಿಮ್ಮ ಮಾವ ನನಗ ಅದನ್ನ ಮುಟ್ಟಾಕ ಬಿಡವಲ್ರು. ನೀ ಒಂದು ಮಾತು ಬರದ್ರ ಬಿಡ್ತಾರ. ಅಷ್ಟು ನೋವು ಯಾ ಜೀವಕ್ಕೂ ಇರಬಾರದು."

ನಾನು ಏನಂದೆ ಗೊತ್ತೇ? "ನಿಮ್ಮ ಕೈ ಸೇದಿ ಹೋಗ್ಲಿ" ಎಂದು ಶಾಪ ಹಾಕಿದೆ. ಹಿಂದೆ ನಿಂತಿದ್ದ ಹುಡುಗಿಯರೆಲ್ಲ ಹೋ ಎಂದು ಕೂಗಿದರು. ಮೇಡಂ ಹೆಲ್ಮೆಟ್ ಹಾಕಿಕೊಂಡು ಹೋದರು. ಅವತ್ತು ಎಲ್ಲರೂ ನನ್ನ ಬೆನ್ನು ತಟ್ಟಿದರು. ನನಗೂ ಹೆಮ್ಮೆಯಾಗಿತ್ತು.

ಈಗ ಎರಡು ದಿನದಿಂದ ಆಗುತ್ತಿಲ್ಲ. ಬೆನ್ನು ಮುರಿದವರು, ಹಿಂದೆಯೇ ಬಂದು ನೋವಿದೆಯೇ ಎಂದು ಯಾಕೆ ಕೇಳುತ್ತಾರೆ?

ಮಾವ, ಒಂದೇ ಪ್ರಶ್ನೆ. ಇಪ್ಪತ್ತನೇ ತಾರೀಖು ಮೇಡಂ ಕ್ಲಿನಿಕ್ಕಿನಲ್ಲಿ ಇದ್ದರೇ, ಇರಲಿಲ್ಲವೇ? ಹೌದು ಅಥವಾ ಇಲ್ಲ ಎಂದು ಬರೆ. ಬೇರೆ ಏನೂ ಬೇಡ.

ಜಯಶ್ರೀ


ಸಿಂಧನೂರು
16 ಸೆಪ್ಟೆಂಬರ್ 2024

ಜಯಾ ತಾಯಿ,

ಇಲ್ಲ. ಇರಲಿಲ್ಲ.

ಈ ಎರಡು ಶಬ್ದ ಬರೆಯಲು ಹದಿಮೂರು ದಿನ ಹಿಡಿಯಿತು. ಇನ್ನು ಉಳಿದದ್ದನ್ನೂ ಬರೆಯುತ್ತೇನೆ.

ಅವತ್ತು ಶನಿವಾರ. ಮೇಡಂ ಜವಳಗೇರಾಕ್ಕೆ ಹೋಗಿದ್ದರು. ಅವರು ಬಂದ ಮೇಲೆ ತೋರಿಸಬೇಕೆಂದೇ ಮಂಡಾಳಿಯನ್ನು ಬುಟ್ಟಿಯಲ್ಲಿ ಒಯ್ದಿದ್ದೆ, ದೇವರಾಣೆ. ಅಷ್ಟರಲ್ಲಿ ಸಾಲಗುಂದದ ವೆಂಕೋಬ ಕುರಿಗಳನ್ನು ತಂದ. ಮೇಡಂ ಇಲ್ಲ, ಸಂಜೆ ಬಾ ಎಂದೆ. "ಯಾಕಪ್ಪಾ, ನಿನ್ನ ಸೂಜಿ ಕಸಗೊಂಡಾಳೇನು ಆ ಹುಡುಗಿ? ಮೊಲಕ್ಕೂ ಆಕೀನ ಬರಬೇಕೇನು?" ಎಂದ. ಅಲ್ಲಿದ್ದವರೆಲ್ಲ ನಕ್ಕರು. ನೀನು ಕೂಡ ಅದನ್ನೇ ಬರೆದಿದ್ದೆಯಲ್ಲ, ಮೇಡಂಗೆ ತೋರಿಸು, ನೀನು ಕೊಡಬೇಡ ಎಂದು. ಆ ಪತ್ರ ಕಿಸೆಯಲ್ಲೇ ಇತ್ತು. ನಿನ್ನನ್ನು ದೂರುತ್ತಿಲ್ಲ. ನನ್ನ ತಲೆಗೆ ಏನು ಏರಿತು ಎನ್ನುವುದನ್ನು ಹೇಳುತ್ತಿದ್ದೇನೆ.

ಕುರಿಮರಿಗೆ ಸೂಜಿ ಹಾಕುವಾಗ ನಾವು ಮುಂಗಾಲೆರಡನ್ನೂ ಎಡಗೈಯಲ್ಲಿ ಹಿಡಿದು ಮೇಲೆತ್ತುತ್ತೇವೆ. ಮರಿ ಸುಮ್ಮನೆ ಜೋತಾಡುತ್ತದೆ, ಬಲಗೈಯಿಂದ ಸೂಜಿ ಚುಚ್ಚುವುದು. ಸಾವಿರ ಮರಿಗಳನ್ನು ಹಾಗೆ ಎತ್ತಿದ್ದೇನೆ. ಮಂಡಾಳಿಯನ್ನೂ ಹಾಗೇ ಎತ್ತಿದೆ. ಒಂದೇ ಸಲ ಒದೆಯಿತು. ಕಡ್ಡಿ ಮುರಿದಷ್ಟು ಸಣ್ಣ ಸಪ್ಪಳ. ಆಮೇಲೆ ಹಿಂಗಾಲುಗಳು ಇಳಿಬಿದ್ದವು. ಸೂಜಿ ಇನ್ನೂ ತಾಗಿರಲೇ ಇಲ್ಲ ಜಯಾ. ಮಂದಿ ನೋಡುತ್ತಿದ್ದರು ಎಂದು, ಮುರಿದ ಮೇಲೂ ಇಂಜೆಕ್ಷನ್ ಕೊಟ್ಟೆ.

ಸಂಜೆ ರಿಜಿಸ್ಟರಿನಲ್ಲಿ ಮೇಡಂ ಹೆಸರು ಬರೆದೆ. ಅವರಿಲ್ಲದಾಗ ಕೊಟ್ಟದ್ದಕ್ಕೆಲ್ಲ ಅವರ ಹೆಸರನ್ನೇ ಬರೆಯುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ಪಕೀರಪ್ಪ ಡಾಕ್ಟರು, "ಮೇಡಂ ಅವತ್ತು ಇದ್ರೇನೋ ದುರುಗೇಶ?" ಎಂದು ಕೇಳಿದಾಗ, "ಇದ್ರು ರೀ, ಇಂಜೆಕ್ಷನ್ ಕೊಟ್ಟ ಮ್ಯಾಲ ಜವಳಗೇರಾಕ್ಕ ಹೋದ್ರು" ಅಂದೆ. ಅವರಿಗೆ ಅಷ್ಟೇ ಸಾಕಾಯಿತು. ಮೇಡಂ ನನ್ನ ಮುಖವನ್ನೇ ನೋಡುತ್ತಾ ನಿಂತರು. ಡಾಕ್ಟರು ಅವರಿಗೆ ಮರುದಿನದಿಂದ ಬರಬೇಡ ಎಂದರು.

ಇನ್ನೊಂದಿದೆ. ಇದನ್ನು ಬರೆಯದಿದ್ದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಮೇಡಂ ಮಂಡಾಳಿಯನ್ನು ತಾ ಎಂದಾಗ ನಾನು ಒಯ್ಯದಿದ್ದದ್ದು ಅದರ ಮೇಲಿನ ಪ್ರೀತಿಗಲ್ಲ. ಅವರು ಬೆನ್ನು ಸವರಿ ನೋಡಿದರೆ ಎತ್ತಿದ ಏಟಿಗೆ ಮುರಿದದ್ದೆಂದು ತಿಳಿದುಬಿಡುತ್ತಿತ್ತು. ಅದಕ್ಕಾಗಿ ಮನೆಯಲ್ಲಿ ಬಚ್ಚಿಟ್ಟೆ. ಒರೆಸಿದೆ, ಎಣ್ಣೆ ಹಚ್ಚಿದೆ, ಹುಳ ತೆಗೆದೆ. ಎಲ್ಲ ನಿಜ. ಆದರೆ ಆ ನೋವನ್ನು ಅಷ್ಟು ಉದ್ದ ಎಳೆದವನೂ ನಾನೇ. ನೀನು ಹೇಳಿದಂತೆ ಕಿವಿಗೊಟ್ಟು ಕೇಳಿದೆ. ಹಲ್ಲು ಕಡಿಯುತ್ತಿತ್ತು. ದಿನವೂ ಕಡಿಯುತ್ತಿತ್ತು. ಆಗಸ್ಟ್ 26ರಂದು ಸತ್ತಿತು, ಮೂವತ್ತೇಳನೇ ದಿನ. ಹಿತ್ತಲಲ್ಲಿ ಹೂತಿದ್ದೇನೆ. ನಿನಗೆ ಹೇಳುವ ಧೈರ್ಯವಾಗಲಿಲ್ಲ.

ಈಗ ನಿನ್ನ ಮಾವ ನಿನ್ನಲ್ಲಿ ಒಂದು ಬೇಡುತ್ತಿದ್ದಾನೆ. ಇದನ್ನು ಓದಿ ಹರಿದು ಹಾಕು. ಆಕೆ ಓದಿದಾಕೆ, ಬೇರೆ ಊರಲ್ಲಿ ಕೆಲಸ ಸಿಗುತ್ತದೆ. ನನಗೆ ಐವತ್ತೆರಡು. ಕ್ಲಿನಿಕ್ಕು ಬಿಟ್ಟರೆ ನನ್ನನ್ನು ಯಾರು ಕೇಳುತ್ತಾರೆ? ಸಾಲಗುಂದದಲ್ಲಿ ಹೇಗೆ ತಲೆ ಎತ್ತಲಿ?

ದುರುಗೇಶ


ಲಿಂಗಸುಗೂರು
19 ಸೆಪ್ಟೆಂಬರ್ 2024

ಮಾವ,

ಹರಿದಿಲ್ಲ.

ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಮೂರು ಸಲ ಓದಿದೆ. ಮೂವತ್ತೇಳು ದಿನ. ನಾನು ಇಲ್ಲಿ ಪರೀಕ್ಷೆ ಬರೆದೆ, ಸ್ವಾತಂತ್ರ್ಯ ದಿನಾಚರಣೆಯಲ್ಲಿ ಕುಣಿದೆ, ಲಾಡು ತಿಂದೆ.

ನಿನ್ನ ಮೇಲೆ ಇರುವ ಸಿಟ್ಟನ್ನು ಬರೆಯಲು ನನಗೆ ಬರುತ್ತಿಲ್ಲ. ಆದರೆ ಮೇಡಂಗೆ ಶಾಪ ಹಾಕಿದ ಬಾಯಿ ನನ್ನದು. ದೂರಿನ ಮೊದಲ ಸಹಿ ನನ್ನದು. ಅದನ್ನು ನಿನ್ನ ತಲೆಗೆ ಕಟ್ಟಲಾರೆ. ಬೇರೆ ಊರಲ್ಲಿ ಕೆಲಸ ಸಿಗುತ್ತದೆ ಎನ್ನುತ್ತೀಯ. ಆ ಫೋಟೊ ಆ ಊರಿಗೂ ಹೋಗುವುದಿಲ್ಲವೇ ಮಾವ?

ಪಕೀರಪ್ಪ ಡಾಕ್ಟರಿಗೆ ಹೊಸ ಪತ್ರ ಬರೆದಿದ್ದೇನೆ. ಮೇಡಂ ಅವತ್ತು ಜವಳಗೇರಾದಲ್ಲಿ ಇದ್ದರು, ಮೊಲವನ್ನು ಅವರು ಮುಟ್ಟಿಯೇ ಇಲ್ಲ, ನಾನು ಸುಳ್ಳನ್ನು ನಂಬಿ ಸುಳ್ಳು ದೂರು ಕೊಟ್ಟೆ ಎಂದು. ನೀನು ಬರೆದದ್ದರಲ್ಲಿ ಆ ಶನಿವಾರದ ಭಾಗವನ್ನು ಹಾಗೆಯೇ ಇಳಿಸಿದ್ದೇನೆ. ಕೆಳಗೆ ನನ್ನ ಸಹಿ ಮಾಡಿ, ಪಕ್ಕದಲ್ಲಿ ನಿನ್ನ ಹೆಸರು ಬರೆದು ಜಾಗ ಬಿಟ್ಟಿದ್ದೇನೆ.

ಮುಂದಿನ ತಿಂಗಳು ದಸರಾ ರಜೆ, ಅದಕ್ಕೆ ಭೇಟಿಯ ದಿನವನ್ನು ಇದೇ 29ಕ್ಕೆ ಇಟ್ಟಿದ್ದಾರೆ. ಬಾ. ಬಂದು ಸಹಿ ಮಾಡು. ನೀನಾಗಿ ಹೇಳಿದರೆ ಅದು ಬೇರೆ, ನಾನು ಹೇಳಿದರೆ ಬೇರೆ. ನಿನಗೆ ಬೈಯುವುದಿಲ್ಲ. ಪಕ್ಕದಲ್ಲಿ ಕೂತುಕೊಳ್ಳುತ್ತೇನೆ.

ಅವ್ವನಿಗೆ ಇನ್ನೂ ಏನೂ ಹೇಳಿಲ್ಲ.

ಜಯಶ್ರೀ


ಲಿಂಗಸುಗೂರು
30 ಸೆಪ್ಟೆಂಬರ್ 2024

ಮಾವ,

ನಿನ್ನೆ ಬೆಳಗಿನಿಂದ ಗೇಟಿನ ಹತ್ತಿರವೇ ಕೂತಿದ್ದೆ. ಹತ್ತಕ್ಕೆ ಅವ್ವ ಬಂದಳು. ಊಟದ ಗಂಟೆಗೆ ಅವ್ವ ಎಬ್ಬಿಸಿಕೊಂಡು ಹೋದಳು, ಅಷ್ಟರಲ್ಲೇ ನೀನು ಬಂದು ಹೋಗಿದ್ದೆ. ದಾವಲ್‌ಸಾಬ್ ಒಂದು ಬುಟ್ಟಿ ತಂದುಕೊಟ್ಟು, "ನಿಮ್ಮ ಮಾವ ಕೊಟ್ಟಾರವಾ. ಒಳಗ ಬರ್ರಿ ಅಂದೆ, ಬಸ್ ತಪ್ತದ ಅಂತ ಹೋಗೇಬಿಟ್ರು" ಎಂದ. ಸಿಂಧನೂರಿಗೆ ಹಗಲೆಲ್ಲ ಬಸ್ಸುಗಳಿವೆ ಮಾವ.

ಬುಟ್ಟಿಯಲ್ಲಿ ಬಿಳಿ ಮೊಲದ ಮರಿ. ತಾಯಿಯನ್ನು ಬಿಡಿಸಿ ಹೆಚ್ಚು ದಿನವಾಗಿಲ್ಲ, ನನ್ನ ಬೆರಳು ಚೀಪಿತು. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಎಲ್ಲವನ್ನೂ ಮರೆತೆ. ಅವ್ವ, "ನೋಡು, ನಿಮ್ಮ ಮಾವಗ ನಿನ್ನ ಮ್ಯಾಲ ಎಷ್ಟು ಜೀವ ಐತಿ" ಎಂದು ಕಣ್ಣೊರೆಸಿಕೊಂಡಳು. ಬುಟ್ಟಿಯ ತಳದಲ್ಲಿ ಚೀಟಿ ಇರಬಹುದೆಂದು ಹುಲ್ಲು ತೆಗೆದು ನೋಡಿದೆ. ಇರಲಿಲ್ಲ.

ಪತ್ರವನ್ನು ಇವತ್ತು ಬೆಳಿಗ್ಗೆ ಪೋಸ್ಟಿಗೆ ಹಾಕಿದೆ, ಒಂದೇ ಸಹಿಯ ಮೇಲೆ. ನಿನ್ನ ಹೆಸರಿನ ಮುಂದೆ ಖಾಲಿ ಜಾಗ ಹಾಗೇ ಇದೆ. ಹುಡುಗಿಯರು ಯಾರೂ ಈ ಸಲ ಸಹಿ ಹಾಕಲಿಲ್ಲ. ಮೊದಲಿನದನ್ನು ಹಾಕಿದ ಗ್ರೂಪುಗಳಿಗೆ ಇದನ್ನೂ ಹಾಕಿರಿ ಎಂದು ಕನಕರಾಯ ಸರ್‌ಗೆ ಕೇಳಿದೆ. "ಮುಗಿದ ಮಾತು ಬಿಡವ್ವ, ಮತ್ತ ಯಾಕ ಕೆದಕ್ತಿ" ಎಂದರು. ಮೇಡಂಗೂ ಒಂದು ಪತ್ರ ಬರೆದಿದ್ದೇನೆ. ಅವರು ಎಲ್ಲಿದ್ದಾರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಅದು ನನ್ನ ಪೆಟ್ಟಿಗೆಯಲ್ಲೇ ಇದೆ.

ಮರಿಯನ್ನು ಅವ್ವನ ಕೈಯಲ್ಲಿ ಕೊಟ್ಟು ಕಳಿಸಿದೆ. ಮಸ್ಕಿಯಲ್ಲಿ ಯಾರಾದರೂ ಸಾಕುವವರಿದ್ದರೆ ಕೊಡು, ದುರುಗೇಶ ಮಾವನ ಕೈಗೆ ಮಾತ್ರ ಕೊಡಬೇಡ ಎಂದೆ. ಯಾಕ ಎಂದು ಕೇಳಿದಳು.

ಹೇಳಿದೆ.

ಜಯಶ್ರೀ